ಡಿಕ್ಕಿಯಾದ ಕಾರಿನ ಒಳಗಿನ ಕೆಲಸ: ಡ್ಯಾಶ್‌ಬೋರ್ಡಿಗೆ ತೇಪೆ ಸಾಕಾ, ಹೊಸತೇ ಬೇಕಾ?

ಉದ್ಯಾವರ ಹೊಳೆಬದಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು 2020ರ ಬಲೆನೊ, ಪೆಟ್ರೋಲ್. ಹೋದ ತಿಂಗಳು ಕಾಪುವಿನಿಂದ ಮನೆಗೆ ಬರುವಾಗ ಕಟಪಾಡಿ ದಾಟಿದ ಮೇಲೆ ಜೋರು ಮಳೆ. ಎದುರಿದ್ದ ಕೆಂಪುಕಲ್ಲಿನ ಟೆಂಪೋ ಒಮ್ಮೆಲೇ ನಿಂತಿತು. ಬ್ರೇಕ್ ಒತ್ತಿದೆ, ಕಾರು ಜಾರಿಕೊಂಡೇ ಹೋಯಿತು. ಮೂತಿ ಟೆಂಪೋದ ಹಿಂಬದಿಗೆ ಹೊಡೆಯಿತು, ಆಮೇಲೆ ಅಡ್ಡ ತಿರುಗಿ ಎಡಗಡೆ ಹಿಂದಿನ ಬಾಗಿಲು ಡಿವೈಡರ್‌ಗೆ ತಾಗಿತು. ಓಡಿಸುತ್ತಿದ್ದವಳು ನಾನೇ. ಎಡ ಸೀಟಿನಲ್ಲಿ ಅಪ್ಪ. ಅಪ್ಪನಿಗೆ ಎಡ ಭುಜದಿಂದ ಬಲ ಸೊಂಟದ ತನಕ ಬೆಲ್ಟಿನ ಅಗಲಕ್ಕೆ ಸರಿಯಾಗಿ ನೀಲಿ ಬರೆ ಎದ್ದಿತ್ತು. ಎಕ್ಸ್‌ರೇ ಎಲ್ಲ ಆಯಿತು, ಮೂಳೆಗೆ ಏನೂ ಆಗಿಲ್ಲ. ಅವರಿಗೆ 67 ವರ್ಷ. ದೇವರು ದೊಡ್ಡವನು.

ಬಾನೆಟ್, ಬಂಪರ್, ರೇಡಿಯೇಟರ್, ಟಿಂಕರಿಂಗ್, ಪೇಂಟ್ ಬಗ್ಗೆ ನನಗೆ ತಲೆಬಿಸಿ ಇಲ್ಲ, ಅದು ಆಗ್ತದೆ. ನನ್ನ ಪ್ರಶ್ನೆ ಒಳಗಿನದ್ದು. ಎರಡು ಏರ್‌ಬ್ಯಾಗೂ ಬಿಚ್ಚಿಕೊಂಡಿವೆ. ಅಪ್ಪನ ಎದುರಿನ ಡ್ಯಾಶ್‌ಬೋರ್ಡಿನ ಮೇಲ್ಭಾಗ ಹಲಸಿನ ಹಣ್ಣು ಬಿರಿದ ಹಾಗೆ ಬಾಯಿ ತೆರೆದಿದೆ. ಗ್ಲೋವ್ ಬಾಕ್ಸಿನ ಕೀಲು ಮುರಿದಿದೆ, ನಡುವಿನ ಎ.ಸಿ. ಕಿಂಡಿ ಒಳಗೆ ಹೋಗಿದೆ. ಎರಡು ಬೆಲ್ಟೂ ಎಳೆದರೆ ಬರುವುದಿಲ್ಲ, ಬಂದದ್ದು ಒಳಗೆ ಹೋಗುವುದಿಲ್ಲ. ಹಿಂದಿನ ಗಾಜು ಒಡೆದು ಸೀಟು ತುಂಬಾ ಚೂರು. ಕ್ರೇನ್‌ನವರು ಬದಿಗಿಟ್ಟ ಜಾಗದಲ್ಲಿ ಕಾರು ಎರಡು ರಾತ್ರಿ ಮಳೆಗೆ ಬಾಯಿ ತೆರೆದು ನಿಂತಿತ್ತು. ಈಗ ಬಾಗಿಲು ತೆಗೆದರೆ ಹಳೇ ಒದ್ದೆ ಗೋಣಿಯ ವಾಸನೆ.

ಎರಡು ಕಡೆ ಎಸ್ಟಿಮೇಟ್ ಮಾಡಿಸಿದೆ. ಕಂಪೆನಿ ವರ್ಕ್‌ಶಾಪಿನವರು ಡ್ಯಾಶ್‌ಬೋರ್ಡ್, ಎರಡು ಏರ್‌ಬ್ಯಾಗ್, ಅದರ ಕಂಟ್ರೋಲ್ ಯೂನಿಟ್, ಎರಡು ಬೆಲ್ಟ್, ಎಲ್ಲ ಹೊಸತೇ ಅಂತಾರೆ. ಒಳಗಿನ ಸಾಮಾನಿಗೇ 1,12,000 ರೂಪಾಯಿ. ಈ ಸಲ ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಝೀರೋ ಡೆಪ್ (ಸಾಮಾನಿನ ಸವಕಳಿ, ಅಂದರೆ ಡೆಪ್ರಿಸಿಯೇಷನ್ ಅಂತ ಹಣ ಕಡಿತ ಮಾಡದ ಕವರ್) ಬಿಟ್ಟುಬಿಟ್ಟಿದ್ದೆ. ಹಾಗಾಗಿ ಅದರ ಅರ್ಧದಷ್ಟು ನನ್ನ ಕೈಯಿಂದ ಹೋಗ್ತದೆ. ಇನ್ನೊಂದು ಗ್ಯಾರೇಜಿನವರು ಡ್ಯಾಶ್‌ಬೋರ್ಡಿಗೆ ಫೈಬರ್ ಹಾಕಿ ಮೇಲಿಂದ ರೆಕ್ಸಿನ್ ಸುತ್ತಿ ಗುರ್ತವೇ ಸಿಗದ ಹಾಗೆ ಮಾಡಿ ಕೊಡ್ತಾರಂತೆ. ಏರ್‌ಬ್ಯಾಗ್ ಗುಜರಿಯಿಂದ ತರಿಸ್ತಾರಂತೆ, ಬೆಲ್ಟ್ ಬಿಚ್ಚಿ ಸರಿ ಮಾಡ್ತಾರಂತೆ, ಏರ್‌ಬ್ಯಾಗಿನ ಎಚ್ಚರಿಕೆ ಲೈಟಿನ ಬಗ್ಗೆ ಕೇಳಿದರೆ "ಆ ಲೈಟನ್ನು ಆಫ್ ಮಾಡಿಸುವ" ಅಂದರು. ಒಟ್ಟು 35 ಸಾವಿರ.

ಹಣದ ಕಷ್ಟ ಇರುವುದು ನಿಜ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು, ಗೊತ್ತಿರುವವರು ಹೇಳಿ. ಅಪ್ಪ ಮತ್ತೆ ಅದೇ ಸೀಟಿನಲ್ಲಿ ಕೂರುವವರು.

ಹಳೆ ಸ್ಪಾನರ್ (ಮಂಗಳೂರು):

ತಂಗೀ, ಮೊದಲು ಎರಡನೇ ಗ್ಯಾರೇಜಿಗೆ ಬೇಡ ಅಂತ ಹೇಳಿಬಿಡಿ. ಕೂಳೂರು, ಬೈಕಂಪಾಡಿ ಬದಿಯಲ್ಲಿ 22 ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ, ಆ ಮಾತನ್ನು ಬಹಳ ಕೇಳಿದ್ದೇನೆ.

ಡ್ಯಾಶ್‌ಬೋರ್ಡಿನಿಂದ ಶುರು ಮಾಡುವ. ಬ್ಯಾಗ್ ಹೊರಗೆ ಬರುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಒಂದು ತೆಳು ಗೆರೆ ಕೊರೆದಿರ್ತಾರೆ. ಮೇಲಿಂದ ಕಾಣುವುದಿಲ್ಲ. ಡಿಕ್ಕಿಯಾದಾಗ ಬ್ಯಾಗ್ ಆ ಗೆರೆಯಲ್ಲೇ ಒಡೆದು ಬರಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಅಲ್ಲಿ ಫೈಬರ್ ಮೆತ್ತಿ ರೆಕ್ಸಿನ್ ಅಂಟಿಸಿದರೆ ಬ್ಯಾಗ್ ತಡವಾಗಿ ಬರ್ತದೆ, ಇಲ್ಲ ಓರೆಯಾಗಿ ಬರ್ತದೆ, ಗಟ್ಟಿ ಫೈಬರಿನ ತುಂಡು ಅಪ್ಪನ ಮುಖಕ್ಕೆ ಹಾರ್ತದೆ. ನೋಡ್ಲಿಕ್ಕೆ ಚಂದ ಇರ್ತದೆ, ಅದೇ ಮೋಸ. ಬ್ಯಾಗ್ ಇಲ್ಲದ ಜಾಗದಲ್ಲಿ ಗೀರು, ಬಿರುಕು ಇದ್ದರೆ ತೇಪೆ ಹಾಕಿ, ಅಡ್ಡಿಯಿಲ್ಲ.

ಬೆಲ್ಟ್. ಬಾಗಿಲಿನ ಪಕ್ಕದ ಕಂಬದ ಬುಡದಲ್ಲಿ ಬೆಲ್ಟ್ ಸುತ್ತಿಕೊಳ್ಳುವ ರಾಟೆ ಉಂಟಲ್ಲ, ಅದರಲ್ಲೇ ಒಂದು ಸಣ್ಣ ಗ್ಯಾಸ್ ಸಿಡಿಮದ್ದು ಇರ್ತದೆ. ಪ್ರಿಟೆನ್ಷನರ್ ಅಂತಾರೆ. ಡಿಕ್ಕಿಯ ಕ್ಷಣದಲ್ಲಿ ಅದು ಸಿಡಿದು ಬೆಲ್ಟನ್ನು ಬಿಗಿಯಾಗಿ ಎಳೀತದೆ. ಒಮ್ಮೆ ಸಿಡಿದರೆ ಮುಗಿಯಿತು, ರಾಟೆ ಲಾಕ್. ಅದನ್ನು ಬಿಚ್ಚಿ ಓಡುವ ಹಾಗೆ ಮಾಡಿಕೊಡುವವರು ಇದ್ದಾರೆ, ಆದರೆ ಮದ್ದು ತುಂಬಿಸಿಕೊಡುವವರಿಲ್ಲ. ನಿಮ್ಮ ಬೆಲ್ಟಿನ ಪಟ್ಟಿಯನ್ನೇ ಬೆಳಕಿಗೆ ಹಿಡಿದು ನೋಡಿ. ಭುಜದ ಮೇಲಿನ ಬಳೆಯಲ್ಲಿ ಹಾದುಹೋಗುವ ಜಾಗದಲ್ಲಿ ನೂಲು ಕರಗಿ ಹೊಳೀತಾ ಇರ್ತದೆ, ಅಂಚು ಅಲೆ ಅಲೆಯಾಗಿರ್ತದೆ, ಬಳೆಯ ಕಪ್ಪು ಪ್ಲಾಸ್ಟಿಕ್ ಪಟ್ಟಿಗೆ ಹತ್ತಿರ್ತದೆ. ಅಪ್ಪನ ಭಾರವನ್ನು ಅದು ಹಿಡಿದು ನಿಲ್ಲಿಸಿದ ಗುರುತು ಅದು. ಇನ್ನೊಮ್ಮೆ ಹಿಡಿಯುವ ಶಕ್ತಿ ಅದರಲ್ಲಿ ಉಳಿದಿಲ್ಲ. ರಾಟೆ, ಪಟ್ಟಿ ಒಟ್ಟಿಗೆ ಹೊಸತು ಹಾಕಿಸಿ, ಬಕಲ್ ಕೂಡ ನೋಡಿಸಿ.

ಗುಜರಿಯ ಏರ್‌ಬ್ಯಾಗ್ ಬೇಡವೇ ಬೇಡ. ಯಾವ ಕಾರಿನದ್ದು, ನೆರೆಯಲ್ಲಿ ಮುಳುಗಿದ್ದಾ, ಎಷ್ಟು ವರ್ಷ ಹೊರಗೆ ಬಿದ್ದಿತ್ತಾ, ಯಾರಿಗೆ ಗೊತ್ತು? ಟಕಾಟಾ ಕಂಪೆನಿಯ ಕಥೆ ನಿಮಗೆ ನೆನಪಿರಬಹುದು. ಅವರ ಬ್ಯಾಗಿನಲ್ಲಿದ್ದ ಅಮೋನಿಯಂ ನೈಟ್ರೇಟ್ ಮದ್ದು ವರ್ಷಗಟ್ಟಲೆ ಸೆಕೆ ಮತ್ತು ತೇವ ತಿಂದು ಹಾಳಾಗಿ, ಬ್ಯಾಗ್ ಬಿಚ್ಚುವಾಗ ಲೋಹದ ಡಬ್ಬಿಯೇ ಸಿಡಿದು ಜನ ಸತ್ತರು. ಲೋಕದಲ್ಲೆಲ್ಲ ಕೋಟಿಗಟ್ಟಲೆ ಕಾರು ವಾಪಸ್ ಕರೆಸಬೇಕಾಯಿತು, 2017ರಲ್ಲಿ ಕಂಪೆನಿ ದಿವಾಳಿ ಎದ್ದಿತು. ಸೆಕೆ, ತೇವ ಎರಡೂ ನಮ್ಮ ಕರಾವಳಿಗಿಂತ ಹೆಚ್ಚು ಎಲ್ಲಿ ಉಂಟು?

"ಲೈಟ್ ಆಫ್ ಮಾಡಿಸುವ" ಅಂದರೆ ಎಂತ ಗೊತ್ತಾ? ಬ್ಯಾಗ್ ಇರಬೇಕಾದ ವಯರಿಗೆ ರೆಸಿಸ್ಟರ್ ಅನ್ನುವ ಒಂದು ಸಣ್ಣ ಬಿಡಿಭಾಗ ಸಿಕ್ಕಿಸ್ತಾರೆ. ಕಂಟ್ರೋಲ್ ಯೂನಿಟ್ ಬ್ಯಾಗ್ ಉಂಟು ಅಂತ ತಿಳಿದುಕೊಳ್ತದೆ. ಒಳಗೆ ಖಾಲಿ. ಕೆಲಸ ಆದ ಮೇಲೆ ನೀವೇ ಕೀ ಆನ್ ಮಾಡಿ ನೋಡಿ: ಏರ್‌ಬ್ಯಾಗ್ ಲೈಟ್ ಹತ್ತಬೇಕು, ಕೆಲವು ಸೆಕೆಂಡ್ ಬಿಟ್ಟು ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈ ಹಾಕಿದ್ದಾರೆ. ಆರಲಿಲ್ಲ ಅಂದರೂ ತೊಂದರೆ ಉಂಟು, ಹೆಚ್ಚಾಗಿ ಸ್ಟೇರಿಂಗ್ ಹಿಂದಿನ ಕ್ಲಾಕ್ ಸ್ಪ್ರಿಂಗ್ (ಸ್ಟೇರಿಂಗ್ ತಿರುಗಿದರೂ ಬ್ಯಾಗಿಗೆ ಕರೆಂಟ್ ಮುಟ್ಟಿಸುವ ಸುರುಳಿ ವಯರು). ರೆಸಿಸ್ಟರ್ ಮಾತ್ರ ಈ ಲೈಟಿನಲ್ಲಿ ಸಿಕ್ಕಿಬೀಳುವುದಿಲ್ಲ, ಅದಕ್ಕೇ ಬ್ಯಾಗ್ ಕೂರಿಸುವಾಗ ಎದುರು ನಿಂತು ನೋಡಿ.

ಆ ಕಂಟ್ರೋಲ್ ಯೂನಿಟ್ ಸಾಮಾನ್ಯವಾಗಿ ನಡುವಿನ ಕನ್ಸೋಲ್ ಕೆಳಗೆ, ನೆಲದ ಹತ್ತಿರ ಕೂತಿರ್ತದೆ. ಕಾರು ಎರಡು ರಾತ್ರಿ ಮಳೆಗೆ ನಿಂತಿತ್ತು ಅಂತೀರಿ. ಕಾರ್ಪೆಟ್ ಎತ್ತಿಸಿ, ಅಲ್ಲಿಯ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಉಂಟಾ ನೋಡಿಸಿ. ಹಳದಿ ಬಣ್ಣದ ವಯರು, ಕನೆಕ್ಟರ್ ಕಂಡರೆ ಮನೆಯಲ್ಲಿ ಯಾರೂ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು. ನಾವೇ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾದ ಮೇಲೆ ಕೈ ಹಾಕುವುದು, ಯೂನಿಟ್ ಒಳಗೆ ಚಾರ್ಜ್ ಉಳಿದಿರ್ತದೆ.

ಉಳಿಸಬೇಕಾ? ಗ್ಲೋವ್ ಬಾಕ್ಸ್ ಕೀಲು ರಿಪೇರಿ ಆಗ್ತದೆ. ಎ.ಸಿ. ಕಿಂಡಿ, ಬಾಗಿಲಿನ ಪ್ಯಾಡ್, ರೂಫ್ ಲೈನಿಂಗ್ ಗುಜರಿಯಿಂದ ತಂದರೆ ತಪ್ಪಿಲ್ಲ. ಸೀಟಿನ ಬಟ್ಟೆ ಕುಶನ್ ಅಂಗಡಿಯವರು ಮಾಡ್ತಾರೆ. ಆದರೆ ಸೀಟಿನ ಹಳಿ, ಹಳಿಯ ಬೋಲ್ಟ್ ಸೊಟ್ಟ ಆಗಿದೆಯಾ ಅಂತ ಒಮ್ಮೆ ಸೀಟು ಬಿಚ್ಚಿ ನೋಡ್ಲೇಬೇಕು.

ಕ್ಲೇಮ್ ಕಡತ (ಉಡುಪಿ):

ಮೇಡಂ, ಮೇಲಿನವರು ಹೇಳಿದ್ದು ಸರಿ. ನಾನು ಹಣದ ಬಗ್ಗೆ ಮಾತ್ರ ಹೇಳ್ತೇನೆ.

ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್, ಬ್ಯಾಟರಿ, ಏರ್‌ಬ್ಯಾಗ್ ಎಲ್ಲಕ್ಕೂ ಶೇ. 50 ಕಡಿತ. ಗಾಜಿಗೆ ಕಡಿತವೇ ಇಲ್ಲ. ಫೈಬರ್ ಗ್ಲಾಸಿಗೆ ಶೇ. 30. ಉಳಿದ ಭಾಗಗಳಿಗೆ ಕಾರಿನ ವಯಸ್ಸಿನ ಲೆಕ್ಕ: 4 ದಾಟಿ 5 ವರ್ಷದೊಳಗೆ ಶೇ. 35, 5 ದಾಟಿದ್ದರೆ ಶೇ. 40. ನಿಮ್ಮ ಎಸ್ಟಿಮೇಟಿನಲ್ಲಿ ಎಲ್ಲವನ್ನೂ ಒಟ್ಟಿಗೆ "ಪ್ಲಾಸ್ಟಿಕ್" ಅಂತ ಹಾಕಿದ್ದಾರಾ ನೋಡಿ. ಕಂಟ್ರೋಲ್ ಯೂನಿಟ್, ಬ್ರಾಕೆಟ್, ಸೀಟಿನ ಹಳಿ ಯಾವ ಸಾಲಿನಲ್ಲಿವೆ ಅಂತ ಹಾನಿ ನೋಡಲು ಇನ್ಶೂರೆನ್ಸಿನವರು ಕಳಿಸುವ ಸರ್ವೇಯರರ ಹತ್ತಿರ ಕೇಳಿ. ಲೇಬರ್ ಚಾರ್ಜಿಗೆ ಡೆಪ್ರಿಸಿಯೇಷನ್ ಇಲ್ಲ. ಪೇಂಟಿನ ಒಟ್ಟು ಬಿಲ್ಲಿನಲ್ಲಿ ಶೇ. 25 ಮಾತ್ರ ಸಾಮಾನು ಅಂತ ಹಿಡಿದು, ಆ ಭಾಗಕ್ಕೆ ಮಾತ್ರ ಅರ್ಧ ಕಡಿತ. ನಿಮ್ಮದು 1500 ಸಿ.ಸಿ. ಒಳಗಿನ ಕಾರು, ಕಡ್ಡಾಯ ಕಡಿತ 1000 ರೂಪಾಯಿ.

ಮುಖ್ಯ ವಿಷಯ ಇದು. ಸರ್ವೇಯರ್ ಮೊದಲ ಸಲ ನೋಡುವಾಗ ಬೆಲ್ಟಿನ ರಾಟೆ, ಕಾರ್ಪೆಟ್ ಕೆಳಗಿನ ವಯರು ಕಾಣುವುದಿಲ್ಲ. ಬಿಚ್ಚಿದ ಮೇಲೆ ಸಿಕ್ಕಿದ ಹಾನಿಗೆ ಇನ್ನೊಮ್ಮೆ ಕರೆಸಿ, ಫೋಟೋ ತೆಗೆಸಿ, ಸಪ್ಲಿಮೆಂಟರಿ ಎಸ್ಟಿಮೇಟ್ ಹಾಕಿಸಿ. ಅವರು ನೋಡುವ ಮೊದಲು ಬದಲಾಯಿಸಿದರೆ ಆ ಹಣ ಸಿಗುವುದು ಕಷ್ಟ. ಹಳೆ ಬೆಲ್ಟ್, ಹಳೆ ಬ್ಯಾಗ್ ಎಸೆಯಲು ಬಿಡಬೇಡಿ, ಕೆಲಸ ಮುಗಿದ ಮೇಲೆ ಅವರು ಮತ್ತೆ ಬಂದು ನೋಡುವ ರೀ-ಇನ್‌ಸ್ಪೆಕ್ಷನ್ ತನಕ ಇರಲಿ.

ಸುರತ್ಕಲ್ ಅಮ್ಮ:

ಮಗಳೇ, ನಮಗೂ ಎರಡು ವರ್ಷದ ಹಿಂದೆ ಹೀಗೇ ಆಗಿತ್ತು, ಹಾಗಾಗಿ ಗಾಜು ಮತ್ತು ವಾಸನೆ ಬಗ್ಗೆ ನಾನು ಹೇಳ್ತೇನೆ.

ಬಾಗಿಲಿನ ಗಾಜು ಕಲ್ಲುಸಕ್ಕರೆಯ ಹಾಗೆ ಮೊಂಡು ಚೂರಾಗ್ತದೆ, ಅದು ಕಣ್ಣಿಗೆ ಕಾಣ್ತದೆ. ಆದರೆ ಅದರ ಒಟ್ಟಿಗೆ ಸೂಜಿಯಂಥ ಪುಡಿ ಇರ್ತದೆ, ವ್ಯಾಕ್ಯೂಮ್ ಮಾಡಿದರೂ ಸೀಟಿನ ಬಟ್ಟೆಯಲ್ಲಿ ಉಳೀತದೆ. ಅಗಲದ ಅಂಟು ಟೇಪನ್ನು ಕೈಗೆ ಉಲ್ಟಾ ಸುತ್ತಿ, ಒತ್ತಿ ಒತ್ತಿ ತೆಗೀರಿ. ಉಜ್ಜಬೇಡಿ. ಸೀಟಿನ ಹಳಿಯ ಒಳಗೆ, ಬಾಗಿಲಿನ ಪ್ಯಾಡ್ ಕೆಳಗೆ, ಹಿಂದಿನ ಬಕಲಿನ ಬಾಯಿಯೊಳಗೂ ಇರ್ತದೆ. ನಮ್ಮ ಬಕಲಿನಲ್ಲಿ ಒಂದು ಚೂರು ಸಿಕ್ಕಿ ಮಗುವಿನ ಬೆಲ್ಟ್ ಕೂರ್ತಾ ಇರಲಿಲ್ಲ. ಮಗುವಿನ ಸೀಟು ಕಾರಿನಲ್ಲಿದ್ದರೆ ಅದನ್ನೂ ಬದಲಾಯಿಸಿ, ಹೊರಗೆ ಏನೂ ಕಾಣದಿದ್ದರೂ ಸಹ.

ಒಳಗೆಲ್ಲ ಬಿಳಿ ಹುಡಿ ಕೂತಿದ್ದರೆ ಅದು ಏರ್‌ಬ್ಯಾಗಿನದ್ದು, ಚರ್ಮಕ್ಕೆ ತುರಿಕೆ ಆಗ್ತದೆ. ಕೈಗವಸು, ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ವಾಸನೆ ಬರುವುದು ಕಾರ್ಪೆಟ್ ಅಡಿಯ ಸ್ಪಂಜಿನಿಂದ. ಮೇಲಿಂದ ಒಣಗಿದ ಹಾಗೆ ಕಾಣ್ತದೆ, ಅಡಿಯಲ್ಲಿ ನೀರು ಹಿಂಡಿದರೆ ಬರ್ತದೆ. ಆಟಿ ತಿಂಗಳಿನ ಮಳೆಯಲ್ಲಿ ಬಿಸಿಲು ಎಲ್ಲಿಂದ? ನಾವು ಸೀಟು ತೆಗೆಸಿ, ಸ್ಪಂಜು ಹೊರಗೆ ತಂದು, ಜಗಲಿಯಲ್ಲಿ ಫ್ಯಾನ್ ಕೆಳಗೆ ನಾಲ್ಕು ದಿನ ಇಟ್ಟೆವು. ಆಮೇಲೆ ಗೆರಟೆ ಮಸಿ (ತೆಂಗಿನ ಚಿಪ್ಪಿನ ಇದ್ದಿಲು) ಒಂದು ಬಟ್ಟೆಯಲ್ಲಿ ಕಟ್ಟಿ ಸೀಟಿನ ಕೆಳಗೆ ಇಟ್ಟೆ. ಸೆಂಟ್ ಹೊಡೀಬೇಡಿ, ಎರಡು ವಾಸನೆ ಸೇರಿ ತಲೆನೋವು.

ಅಪ್ಪ ಹುಷಾರಾಗಿದ್ದಾರಲ್ಲ, ಅದು ಸಾಕು.

ಉದ್ಯಾವರ ಹೊಳೆಬದಿ (ಮೂರು ವಾರದ ನಂತರ):

ಎಲ್ಲರಿಗೂ ತಿಳಿಸಬೇಕಿತ್ತು, ಕಾರು ನಿನ್ನೆ ಮನೆಗೆ ಬಂತು.

ಹೊಸ ಡ್ಯಾಶ್‌ಬೋರ್ಡ್, ಎರಡು ಏರ್‌ಬ್ಯಾಗ್, ಕಂಟ್ರೋಲ್ ಯೂನಿಟ್, ಎರಡು ಬೆಲ್ಟ್ ಹಾಕಿಸಿದೆ. ಕ್ಲಾಕ್ ಸ್ಪ್ರಿಂಗ್ ಕೂಡ ಹೋಗಿತ್ತು. ಸೀಟು ಬಿಚ್ಚಿದಾಗ ಎಡಗಡೆಯ ಹಳಿ ಒಂದು ಬದಿಗೆ ವಾಲಿದ್ದು ಕಂಡಿತು, ಸರ್ವೇಯರನ್ನು ಮತ್ತೆ ಕರೆಸಿ ಅದನ್ನೂ ಸೇರಿಸಿದೆವು. ನನ್ನ ಕೈಯಿಂದ ಹೋದದ್ದು ಸಣ್ಣ ಮೊತ್ತ ಅಲ್ಲ, ಅಮ್ಮನ ಒಂದು ಬಳೆ ಸೊಸೈಟಿಯಲ್ಲಿ ಅಡವು ಉಂಟು. ಗ್ಲೋವ್ ಬಾಕ್ಸ್, ಎ.ಸಿ. ಕಿಂಡಿ, ಸೀಟಿನ ಬಟ್ಟೆಯಲ್ಲಿ ಸಾಕಷ್ಟು ಉಳಿಯಿತು. ಸ್ಪಂಜು ಒಣಗಲು ನಾಲ್ಕಲ್ಲ, ಆರು ದಿನ ಹಿಡಿಯಿತು.

ಹಳೆ ಬೆಲ್ಟನ್ನು ಜಗಲಿಯ ಲೈಟಿಗೆ ಹಿಡಿದು ನೋಡಿದೆ. ಸ್ಪಾನರ್ ಅಣ್ಣ ಹೇಳಿದ ಹಾಗೆಯೇ, ಒಂದು ಗೇಣು ಉದ್ದಕ್ಕೆ ನೂಲು ಕರಗಿ ಗಾಜಿನ ಹಾಗೆ ಹೊಳೀತಾ ಇತ್ತು. ಅಪ್ಪ ಅದರ ಮೇಲೆ ಬೆರಳಾಡಿಸಿ ಏನೂ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಅವರೇ ಮೊದಲು ಹೋಗಿ ಕೂತು, ಬೆಲ್ಟ್ ಎರಡು ಸಲ ಜೋರಾಗಿ ಎಳೆದು ನಿಲ್ತದಾ ನೋಡಿ, ಆಮೇಲೆ "ಕೀ ಹಾಕು" ಅಂದರು. ಲೈಟ್ ಹತ್ತಿ ಆರುವ ತನಕ ಬಾಯಲ್ಲಿ ಎಣಿಸಿದರು.

ಒಂದು ವಿಷಯ ಮಾತ್ರ. ಹೊಂಡದ ಮೇಲೆ ಹೋದಾಗ ಅಪ್ಪನ ಎದುರಿನ ಡ್ಯಾಶ್‌ಬೋರ್ಡ್ ಒಳಗಿಂದ ಟಕ್ ಟಕ್ ಶಬ್ದ ಬರ್ತದೆ. ಹೊಸತಲ್ವಾ, ಕೂರ್ತದೆ ಅಂತ ವರ್ಕ್‌ಶಾಪಿನವರು ಹೇಳಿದರು. ಬಿಡಬಹುದಾ?

ಹಳೆ ಸ್ಪಾನರ್ (ಮಂಗಳೂರು):

ಬಿಡಬೇಡಿ ತಂಗೀ. ಗ್ಲೋವ್ ಬಾಕ್ಸಿನದ್ದಾದರೆ ಅದನ್ನು ತೆಗೆದಿಟ್ಟು ಅದೇ ಹೊಂಡದ ಮೇಲೆ ಓಡಿಸಿದಾಗ ಶಬ್ದ ನಿಲ್ಲಬೇಕು. ನಿಲ್ಲದಿದ್ದರೆ ಹಿಂದೆ ಅಡ್ಡ ಕಬ್ಬಿಣದ ಕೊಳವೆಗೆ ಏರ್‌ಬ್ಯಾಗನ್ನು ಬಿಗಿದ ಬೋಲ್ಟ್ ಉಂಟು, ಅದು ಸಡಿಲ ಇರಬಹುದು. ನೀವು ಕೈ ಹಾಕಬೇಡಿ, ನಾಳೆಯೇ ವರ್ಕ್‌ಶಾಪಿಗೆ ಕೊಂಡುಹೋಗಿ ಎದುರಿಗೇ ಬಿಗಿಸಿ. ಅಲ್ಲಿಯ ತನಕ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ.