ಅಪ್‌ಡೇಟ್: ತಮ್ಮನ ಡೈವಿಂಗ್ ತೊಂದರೆಗೆ ಕಾರಣ ಸಿಕ್ಕಿತು

ಸ್ಕೂಬಾ ಡೈವಿಂಗ್‌ನಲ್ಲಿ ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ ಸಾಧನ) ತೋರಿಸಿದ ಮಿತಿಯೊಳಗೇ ಇದ್ದರೂ ನನ್ನ ತಮ್ಮನಿಗೆ ಮೇಲೆ ಬಂದ ಮೇಲೆ ತಲೆಸುತ್ತು, ಹೊಟ್ಟೆಯ ಮೇಲೆ ಬಲೆಬಲೆಯಾಗಿ ನೀಲಿ-ಕೆಂಪು ಕಲೆ ಯಾಕೆ ಬಂತು ಅಂತ ಕೇಳಿದ್ದೆ. ಹೃದಯ, ಶ್ವಾಸಕೋಶ ಎರಡನ್ನೂ ತೋರಿಸಿ ಎಂದವರಿಗೆಲ್ಲ ಧನ್ಯವಾದ. ತೋರಿಸಿದೆವು.

ಬಬಲ್ ಎಕೋ, ಅಂದರೆ ಗುಳ್ಳೆ ಬಿಟ್ಟು ಹೃದಯ ನೋಡುವ ಅಲ್ಟ್ರಾಸೌಂಡ್, ಮಾಡಿದರು. ತೋಳಿನ ರಕ್ತನಾಳಕ್ಕೆ ಸಣ್ಣ ಗುಳ್ಳೆ ಬೆರೆಸಿದ ಸಲೈನ್ ಕೊಟ್ಟು, ಉಸಿರು ಕಟ್ಟಿ ತಿಣುಕಿ ಆಮೇಲೆ ಸಡಿಲಿಸಲು ಹೇಳಿದರು. ಸಡಿಲಿಸಿದ್ದೇ ತಡ, ಪರದೆಯಲ್ಲಿ ಹೃದಯದ ಬಲಭಾಗದಿಂದ ಎಡಭಾಗಕ್ಕೆ ಬಿಳಿ ಚುಕ್ಕೆಗಳು ನುಗ್ಗಿದ್ದನ್ನು ನಾನೇ ನೋಡಿದೆ. ಇದಕ್ಕೆ ಪಿಎಫ್‌ಒ ಅನ್ನುತ್ತಾರೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟುವ ಮೊದಲು ಎಲ್ಲರಿಗೂ ಇರುವ ಕಿಂಡಿ; ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ.

ಡೈವ್ ಆದಮೇಲೆ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಏಳುವುದು ಸಾಮಾನ್ಯ. ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಅವನ್ನು ಜರಡಿಯಂತೆ ತಡೆಯುತ್ತವೆ. ಕಿಂಡಿಯಿದ್ದರೆ ಜರಡಿ ತಪ್ಪಿಸಿ ನೇರ ಮೆದುಳು, ಬೆನ್ನುಹುರಿ, ಒಳಕಿವಿ, ಚರ್ಮಕ್ಕೆ ಹೋಗಬಹುದು. ಭಾರದ ಸಿಲಿಂಡರ್ ಹೊತ್ತು ದೋಣಿ ಹತ್ತುವಾಗ ತಿಣುಕಿದರೂ ಸಾಕು, ಕಿಂಡಿ ತೆರೆಯಬಹುದು.

ಶ್ವಾಸಕೋಶದ ಸ್ಕ್ಯಾನ್ ಸರಿಯಿದೆ. ದೊಡ್ಡ ಸಮಾಧಾನ ಇದೇ. ಅಲ್ಲಿ ಗಾಳಿ ಸಿಕ್ಕಿಕೊಳ್ಳುವ ಜಾಗವಿದ್ದರೆ, 10 ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶವೇ ಹರಿಯಬಹುದು.

ಕಿಂಡಿ ಮುಚ್ಚಿಸುವುದು ಸದ್ಯಕ್ಕೆ ಬೇಡ ಅಂದಿದ್ದಾರೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುವ ಆಸೆಯನ್ನು ಅವನು ಬಿಟ್ಟಿಲ್ಲ. ವೈದ್ಯರು ಒಪ್ಪಿದ ಮೇಲಷ್ಟೇ, ಅದೂ ಕಡಿಮೆ ಆಳ, ದಿನಕ್ಕೊಂದೇ ಡೈವ್. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚು, ನೈಟ್ರೋಜನ್ ಕಡಿಮೆ ಇರುವ ಗಾಳಿ) ಬಳಸಿದರೂ ಸುರಕ್ಷತೆಗಾಗಿ ಕಂಪ್ಯೂಟರ್ ಮಾಮೂಲಿ ಗಾಳಿಯ ಲೆಕ್ಕದಲ್ಲೇ ಇರಬೇಕು. ಸಿಲಿಂಡರ್ ನೀರಲ್ಲೇ ಬಿಚ್ಚಿ ದೋಣಿಯವರ ಕೈಗೆ ಕೊಡಲಿ ಅನ್ನುವುದು ನನ್ನ ಷರತ್ತು.