ಏಳನೇ ಕ್ಲಾಸಿನ ವಿಜ್ಞಾನ: ಮನೆಯಲ್ಲಿ ಹೇಗೆ ಓದಿಸೋದು?

ಮಾಲೂರು ಕಡೆಯ ತಾಯಿ: ಮಗಳು ಈ ಜೂನ್‌ಗೆ ಏಳನೇ ಕ್ಲಾಸು. ಆರರಲ್ಲಿ ವಿಜ್ಞಾನದ ಪ್ರಶ್ನೋತ್ತರ ಬಾಯಿಪಾಠ ಮಾಡಿ ಒಳ್ಳೇ ಮಾರ್ಕ್ಸ್ ತೆಗೆದಳು. ಆದರೆ ಅದೇ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಸುಮ್ನೆ ನಿಂತುಬಿಡುತ್ತಾಳೆ. ಏಳು, ಎಂಟರಲ್ಲಿ ಏನೇನು ಬರುತ್ತದೆ? ನಾವಿಬ್ಬರೂ ಜಾಸ್ತಿ ಓದಿದವರಲ್ಲ. ಟ್ಯೂಷನ್‌ಗೆ ಹಾಕಲೇಬೇಕಾ?

ವಿಜ್ಞಾನದ ಮೇಷ್ಟ್ರು, ಕೋಲಾರ: ಈಗಲೇ ಟ್ಯೂಷನ್ ಬೇಡಮ್ಮ. ಏಳರಲ್ಲಿ ಗಿಡಗಳ ಆಹಾರ, ನಮ್ಮ ಜೀರ್ಣಕ್ರಿಯೆ, ಉಸಿರಾಟ, ಶಾಖ, ಬೆಳಕು, ವಿದ್ಯುತ್, ಆಮ್ಲ ಪ್ರತ್ಯಾಮ್ಲ. ಎಂಟಕ್ಕೆ ಬೆಳೆ, ಸೂಕ್ಷ್ಮಜೀವಿ, ಬಲ, ಘರ್ಷಣೆ, ಶಬ್ದ. ಹೆಸರು ಕೇಳಿದರೆ ಹೆದರಿಕೆ ಅಷ್ಟೇ, ಅರ್ಧ ನಿಮ್ಮ ಮನೆಯಲ್ಲೇ ಇದೆ.

ಆರತಿ ನೀರು ಕಲಸುತ್ತೀರಲ್ವಾ? ಅರಿಶಿನದ ನೀರಿಗೆ ಸುಣ್ಣ ಬಿದ್ದ ತಕ್ಷಣ ಕೆಂಪಾಗುತ್ತದೆ. ಸುಣ್ಣ ಪ್ರತ್ಯಾಮ್ಲ, ಅರಿಶಿನ ಅದನ್ನು ತೋರಿಸಿಕೊಡುವ ಸೂಚಕ. ಅದೇ ನೀರಿಗೆ ಮಗಳ ಕೈಯಿಂದ ನಿಂಬೆರಸ ಹಿಂಡಿಸಿ. ಸಾಕಷ್ಟು ಬಿದ್ದ ಮೇಲೆ ಮತ್ತೆ ಹಳದಿಗೆ ತಿರುಗುತ್ತದೆ. ನಿಂಬೆಯ ಆಮ್ಲ ಸುಣ್ಣದ ಪ್ರತ್ಯಾಮ್ಲ ಗುಣವನ್ನು ಕಳೆಯಿತು, ಅದೇ ತಟಸ್ಥೀಕರಣ. ಆ ಪಾಠ ಅಲ್ಲಿಗೆ ಶುರುವಾಯಿತು. ಆಮೇಲೆ ಒಂದು ಕೊಕ್ಕೆ ಪ್ರಶ್ನೆ ಹಾಕಿ: ಅರಿಶಿನ ಹಚ್ಚಿದ ಕಾಗದದ ಮೇಲೆ ಬರೀ ನೀರು ಹಾಕಿದರೂ ಹಳದಿ, ಹುಣಸೆ ರಸ ಹಾಕಿದರೂ ಹಳದಿ. ಹಾಗಾದರೆ ಹುಳಿಯನ್ನು, ಅಂದರೆ ಆಮ್ಲವನ್ನು, ಕಂಡುಹಿಡಿಯೋದು ಹೇಗೆ? ಅವಳೇ ಯೋಚಿಸಲಿ. ಆಗದಿದ್ದರೆ ಕೆಂಪು ದಾಸವಾಳ ಬಿಸಿನೀರಲ್ಲಿ ನೆನೆಸಿಡಿ. ಆ ನೀರು ಹುಳಿಗೆ ಗಾಢ ಗುಲಾಬಿ, ಸೋಪಿನ ನೀರಿಗೆ ಹಸಿರು. ಇದನ್ನು ಕೈಯಾರೆ ಮಾಡಿದ ಮಗುವಿಗೆ ಪ್ರಶ್ನೆ ಹೇಗೆ ತಿರುಗಿಸಿದರೂ ಉತ್ತರ ಸಿಗುತ್ತದೆ.

ರೇಷ್ಮೆ ಸಾಕುವವರು, ಮುಳಬಾಗಿಲು: ಅಕ್ಕಾ, ನಿಮ್ಮ ಸುತ್ತಮುತ್ತ ಯಾರ ಮನೆಯಲ್ಲಾದರೂ ಹುಳು ಇದ್ದರೆ ಮಗಳನ್ನು ಕರೆದುಕೊಂಡು ಹೋಗಿ. ನನ್ನ ಮಗ ಎಂಟರಲ್ಲಿ ರೂಪ ಪರಿವರ್ತನೆ ಅಂತ ಉರು ಹೊಡೀತಿದ್ದ. ನಾಲ್ಕು ಜ್ವರ ಅಂದರೆ ಹುಳು ನಾಲ್ಕು ಸಲ ಚರ್ಮ ಕಳಚೋದು, ಆಮೇಲೆ ಹಣ್ಣಾಗಿ, ಅಂದರೆ ಮೇವು ಬಿಟ್ಟು ಗೂಡಿಗೆ ಸಿದ್ಧವಾಗಿ, ಚಂದ್ರಿಕೆ ಅನ್ನೋ ಗೂಡು ಕಟ್ಟಿಸುವ ತಟ್ಟೆಯಲ್ಲಿ ಗೂಡು ಕಟ್ಟೋದು ಅಂತ ತೋರಿಸಿದೆ. ಒಂದು ಗೂಡು ಬ್ಲೇಡಿನಲ್ಲಿ ಸೀಳಿದರೆ ಒಳಗೆ ಕಂದು ಬಣ್ಣದ ಕೋಶ, ಪಕ್ಕದಲ್ಲಿ ಕಳಚಿಟ್ಟ ಕೊನೆಯ ಚರ್ಮ ಮುದುರಿ ಬಿದ್ದಿರುತ್ತದೆ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಉದ್ದನೆ ನೂಲು ಸಿಗುವುದಿಲ್ಲ, ಅದಕ್ಕೇ ಕೋಶ ಒಳಗಿರುವಾಗಲೇ ಬೇಯಿಸುತ್ತಾರೆ ಅಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದ, ಅದು ಬೇರೆ ಮಾತು.

ಇನ್ನೊಂದು. ಎಂಟರಲ್ಲಿ ಹದಿಹರೆಯದ ಪಾಠ ಇದೆ. ಕೆಲವು ಕಡೆ ಅದನ್ನು ‘ಮನೆಯಲ್ಲೇ ಓದಿಕೊಳ್ಳಿ’ ಅಂತ ದಾಟಿಸುತ್ತಾರೆ. ನೀವು ಮೊದಲೇ ಕೂತು ಮಾತಾಡಿ ಅಕ್ಕಾ, ನಾಚಿಕೆ ಬೇಡ.

ಮಾಲೂರಿನ ತಾಯಿ: ನಿನ್ನೆ ಆರತಿ ನೀರು ಮಾಡಿಸಿದೆ, ಬಿಡಲೇ ಇಲ್ಲ ಅವಳು! ಮೇಷ್ಟ್ರೇ, ಒಂದು ಪ್ರಶ್ನೆ ಕೇಳಿದಳು, ನನಗೆ ಗೊತ್ತಾಗಲಿಲ್ಲ. ಬೋರ್‌ವೆಲ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ?

ಮೇಷ್ಟ್ರು: ಹೋಗಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ. ಕರಗಿದ ಫ್ಲೋರೈಡ್ ಹಾಗೇ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯೇ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ, ಮಣ್ಣು ನಿಲ್ಲುತ್ತದೆ, ಕರಗಿದ್ದು ದಾಟುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಕುಡಿಯೋಕೆ ಆರ್‌ಒ ಘಟಕದ ನೀರೇ ತನ್ನಿ. ಆ ಹುಡುಗಿ ಕೇಳಿದ್ದು ಒಳ್ಳೇ ಪ್ರಶ್ನೆ, ಹೀಗೇ ಕೇಳಲಿ.

ಬಿಎಸ್ಸಿ ಓದುವ ಹುಡುಗ, ಬಂಗಾರಪೇಟೆ: ಎಲ್ಲಾ ಸರಿ ಅಕ್ಕಾ, ಆದರೆ ಬಾಯಿಪಾಠ ಪೂರ್ತಿ ಬಿಡಿಸಬೇಡಿ. ವ್ಯಾಖ್ಯೆ, ಏಕಮಾನ (ಮೀಟರ್, ಸೆಕೆಂಡ್ ಥರದ ಅಳತೆ), ಇವೆರಡು ಬಾಯಿಗೆ ಬರಲೇಬೇಕು. ಜವ ಲೆಕ್ಕ ಹಾಕಿ ‘20’ ಅಂತ ಬರೆದು ಏಕಮಾನ ಬಿಟ್ಟರೆ ಮಾರ್ಕ್ಸ್ ಹೋಯಿತು. ಚಿತ್ರ ಪೆನ್ಸಿಲ್‌ನಲ್ಲಿ ಬರೆದು ಭಾಗ ಗುರುತಿಸೋದನ್ನು ರೂಢಿ ಮಾಡಿಸಿ. ವಿದ್ಯುತ್ ಪಾಠಕ್ಕೆ ಎರಡು ಟಾರ್ಚ್ ಸೆಲ್, ಒಂದು ಚಿಕ್ಕ ಬಲ್ಬು, ಎರಡು ತುಂಡು ವೈರ್ ಸಾಕು. ಗೋಡೆಯ ಪ್ಲಗ್ ಹತ್ತಿರ ಮಾತ್ರ ಬಿಡಲೇಬೇಡಿ.