ತಿಂಗಳಿಗೆ 5,000ಕ್ಕೆ ಬ್ಯಾಂಕ್ ಖಾತೆ ಬಾಡಿಗೆಗೆ ಕೇಳುತ್ತಿದ್ದಾರೆ, ಕೊಡಬಹುದಾ?

ಪ್ರಶ್ನೆ (ಬಿಕಾಂ ಎರಡನೇ ವರ್ಷ, ದಾವಣಗೆರೆ): ಮೇಡಂ, ನಮಸ್ತೆ. ಹಾಸ್ಟೆಲ್‌ನ ಸೀನಿಯರ್ ಒಬ್ಬರು ನನ್ನ ಹೆಸರಲ್ಲಿ ಹೊಸ ಖಾತೆ ತೆರೆಯಲು ಹೇಳುತ್ತಿದ್ದಾರೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್ ಮೂರನ್ನೂ ಕೊಟ್ಟರೆ ತಿಂಗಳಿಗೆ 5,000 ರೂಪಾಯಿ ಅಂತೆ. ಯಾವುದೋ ಗೇಮಿಂಗ್ ಕಂಪನಿಗೆ ತೆರಿಗೆ ಉಳಿಸಲು ಬೇಕಂತೆ. ಅದರಲ್ಲಿ ನನ್ನ ದುಡ್ಡೇ ಇರುವುದಿಲ್ಲ, ನಿನಗೇನು ನಷ್ಟ ಅನ್ನುತ್ತಾರೆ. ಮೆಸ್ ಬಿಲ್‌ಗೆ ಆಗುತ್ತಿತ್ತು.

ಉತ್ತರ (ವಕೀಲರು, ಸೈಬರ್ ಪ್ರಕರಣಗಳು): ಕೊಡಲೇಬೇಡಿ. ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ನಿಜವಾದ ಕಂಪನಿಗೆ ಅದರದೇ ಕರೆಂಟ್ ಅಕೌಂಟ್ ಇರುತ್ತದೆ. ವಿದ್ಯಾರ್ಥಿಯ ಉಳಿತಾಯ ಖಾತೆ ಅದಕ್ಕೆ ಯಾಕೆ ಬೇಕು? ಇಂಥ ಖಾತೆಗೆ ಮ್ಯೂಲ್ ಅಕೌಂಟ್ ಅಂತಾರೆ. ಫೋನಿನಲ್ಲಿ ಪೊಲೀಸರಂತೆ ನಟಿಸಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿಯೋ, ಷೇರಿನಲ್ಲಿ ಲಾಭ ಅಂತ ಆಸೆ ಹುಟ್ಟಿಸಿಯೋ ಯಾರಿಂದಲೋ ಕಿತ್ತ ದುಡ್ಡು ಮೊದಲು ಇಲ್ಲಿಗೆ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಚೂರು ಚೂರಾಗಿ ಬೇರೆ ಖಾತೆಗಳಿಗೆ ಹೋಗುತ್ತದೆ. ಕೊನೆಗೆ ಎಟಿಎಂನಲ್ಲಿ ನಗದಾಗಿಯೋ, ಕ್ರಿಪ್ಟೊ ಆಗಿಯೋ ಕೈಬಿಟ್ಟು ಹೋಗುತ್ತದೆ. ದುಡ್ಡು ಕಳೆದುಕೊಂಡವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ ಪೊಲೀಸರಿಗೆ ಸಿಗುವ ಹೆಸರು, ಆಧಾರ್, ವಿಳಾಸ ಎಲ್ಲ ನಿಮ್ಮದೇ. ಸೀನಿಯರ್ ಹೆಸರು ಎಲ್ಲೂ ಇರುವುದಿಲ್ಲ. ಎಷ್ಟೋ ಸಲ ಅವರಿಗೂ ತಲೆಗಿಷ್ಟು ಅಂತ ಕಮಿಷನ್ ಇರುತ್ತದೆ.

ವಂಚನೆ ಕೇಸಾದರೆ ಐಟಿ ಕಾಯ್ದೆಯ 66ಡಿ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು, ಭಾರತೀಯ ನ್ಯಾಯ ಸಂಹಿತೆಯ 318(4)ರಲ್ಲಿ 7 ವರ್ಷದವರೆಗೆ. ಗೊತ್ತಿಲ್ಲದೆ ಕೊಟ್ಟೆ ಅನ್ನುವುದನ್ನು ನೀವೇ ವಿವರಿಸಿ ನಂಬಿಸಬೇಕಾಗುತ್ತದೆ. ದೂರು ಬೇರೆ ರಾಜ್ಯದಲ್ಲಾಗಿದ್ದರೆ ಪರೀಕ್ಷೆ ಬಿಟ್ಟು ಅಲ್ಲಿಗೆ ಓಡಬೇಕು. 18-19 ವಯಸ್ಸಿನ ಮಕ್ಕಳು ಅಪ್ಪನನ್ನು ಕರೆದುಕೊಂಡು ಠಾಣೆಯ ಬೆಂಚಿನ ಮೇಲೆ ಕೂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೆಸ್ ಬಿಲ್ ಕಟ್ಟಲು ಆಗುತ್ತಿಲ್ಲ ಅಂತ ವಾರ್ಡನ್ ಹತ್ತಿರ ಹೇಳಿ, ಕಂತಿಗೆ ಕೇಳಿ.

ಪ್ರಶ್ನೆ (ಡಿಪ್ಲೊಮಾ, ಕಲಬುರಗಿ): ಮೇಡಂ, ನಾನು ಹೋದ ತಿಂಗಳೇ ಕೊಟ್ಟುಬಿಟ್ಟಿದ್ದೇನೆ. ಮನೆಯಲ್ಲಿ ಹೇಳಿಲ್ಲ. ಚಾಟ್ ಎಲ್ಲ ಅಳಿಸಿಬಿಡಲಾ?

ಉತ್ತರ: ಅಳಿಸಬೇಡಿ. ನೀವು ಯಾರ ಮಾತು ಕೇಳಿ ಕೊಟ್ಟಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಇವತ್ತೇ ಬ್ಯಾಂಕಿಗೆ ಹೋಗಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸಿಮ್ ಬ್ಲಾಕ್ ಮಾಡಿಸಿ. ಖಾತೆಯಲ್ಲಿರುವ ದುಡ್ಡು ಮುಟ್ಟಬೇಡಿ, ನಿಮ್ಮ 'ಬಾಡಿಗೆ' ಬಾಕಿ ಇದ್ದರೂ ಅಷ್ಟೇ. ಆಮೇಲೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ನೀವಾಗಿಯೇ ಹೋಗಿ ದೂರು ಕೊಡಿ. ನೋಟಿಸ್ ಬರುವ ಮೊದಲು ಹೋದವರ ಮಾತಿಗೆ ತೂಕ ಜಾಸ್ತಿ. ಒಬ್ಬರೇ ಹೋಗಬೇಡಿ, ಮನೆಯವರಿಗೆ ಇವತ್ತು ರಾತ್ರಿಯೇ ಹೇಳಿ. ಬೈದರೂ ನಿಮ್ಮ ಜೊತೆ ಬರುವವರು ಅವರೇ ಅಲ್ವಾ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿನ ಬಗ್ಗೆ ಕೇಳಿ. ಖಾತೆ ಫ್ರೀಜ್ ಆಗಿದ್ದರೆ ಬಿಡಿಸಿಕೊಡುತ್ತೇವೆ ಅನ್ನುವ ಏಜೆಂಟರು ಬರುತ್ತಾರೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ (ಪೋಷಕರು, ಹಾಸನ): ಮಗಳ ಯುಪಿಐಗೆ ತಪ್ಪಿ 2,000 ಬಂದಿದೆ, ಬೇರೆ ನಂಬರಿಗೆ ವಾಪಸ್ ಹಾಕಿ ಅಂತ ಒಬ್ಬರು ಪದೇ ಪದೇ ಫೋನ್ ಮಾಡುತ್ತಿದ್ದಾರೆ.

ಉತ್ತರ: ಮೊದಲು ಬ್ಯಾಲೆನ್ಸ್ ನೋಡಲಿ, ಬರೀ ಮೆಸೇಜ್ ನಂಬಬೇಡಿ. ನಿಜವಾಗಿಯೂ ಬಂದಿದ್ದರೆ ಬೇರೆ ನಂಬರಿಗೆ ಹಾಕುವುದು ಬೇಡ. ಬ್ಯಾಂಕಿಗೆ ತಿಳಿಸಿ, ಬಂದ ಖಾತೆಗೇ ಅವರು ಹಿಂತಿರುಗಿಸಲಿ. ಫೋನ್ ಮಾಡುವವರಿಗೂ, ನಿಮ್ಮ ಬ್ಯಾಂಕಿನಲ್ಲಿ ಅರ್ಜಿ ಕೊಡಿ ಅಂತ ಹೇಳಿ ಇಟ್ಟುಬಿಡಿ.